ಎಡಗಡೆ ಚಕ್ರದ ನಾಲ್ಕು ನಟ್ಟು

ಕಾರಿನ ಮುಂದಿನ ಎಡಗಡೆ ಚಕ್ರದ ನಾಲ್ಕೂ ನಟ್ಟುಗಳು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಭಾನುವಾರ ತಿಂಡಿ ಮುಗಿಸಿ ಮನೆ ಮುಂದಿನ ತಗಡಿನ ಶೆಡ್ಡಿಗೆ ಇಳಿದ ಮಾವ ಊಟದ ಹೊತ್ತಿನವರೆಗೂ ಅವುಗಳ ಜೊತೆ ಗುದ್ದಾಡಿದರು. ಗೋಣಿಚೀಲ ಹಾಸಿಕೊಂಡು ಕೂತು ಎಳೆದರು, ಎದ್ದು ನಿಂತು ಸ್ಪ್ಯಾನರಿನ ಮೇಲೆ ಕಾಲಿಟ್ಟು ತುಳಿದರು, ಒಳಗಿದ್ದ ಸೊಸೆಗೂ ಕೇಳುವ ಹಾಗೆ ಒಂದೊಂದು ನಟ್ಟಿಗೂ ಒಂದೊಂದು ಹೊಸ ಬೈಗುಳ ಹುಡುಕಿ ಬೈದರು. ಬೈಗುಳಗಳು ಮುಗಿದುಹೋದವು. ನಟ್ಟುಗಳು ಇದ್ದಲ್ಲೇ ಇದ್ದವು.

ಹಾಗೆ ನೋಡಿದರೆ ಕೆಲಸವೇನೂ ದೊಡ್ಡದಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಆ ಚಕ್ರ ಕಿರ್ರೆನ್ನುತ್ತಿತ್ತು. ಪ್ಯಾಡು ಸವೆದಿದೆ, ಬದಲಾಯಿಸಬೇಕು. ಅದಕ್ಕೆ ಚಕ್ರ ಬಿಚ್ಚಬೇಕು, ಚಕ್ರ ಬಿಚ್ಚುವುದಕ್ಕೆ ಮೊದಲು ನಟ್ಟು ಸಡಿಲವಾಗಬೇಕು. ಹಿಂದಿನ ಸಲ ಟೈರ್ ಹಾಕಿದ ಅಂಗಡಿಯವನು ಗಾಳಿ ಗನ್ನು ಹಿಡಿದು ಗುರ್ರೆಂದು ಬಿಗಿದು ಕೈತೊಳೆದುಕೊಂಡಿದ್ದ. ಆಮೇಲೆ ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತು, ತಗಡಿನ ತೂತಿನಿಂದ ಸೋರಿದ ಮಳೆನೀರು ಕುಡಿದು, ತುಕ್ಕು ಹಿಡಿದು, ನಟ್ಟು ಬೋಲ್ಟು ಎರಡೂ ಜನ್ಮದಲ್ಲಿ ಬೇರೆಯಾಗುವುದಿಲ್ಲ ಎನ್ನುವ ಹಾಗೆ ಕಚ್ಚಿಕೊಂಡಿದ್ದವು.

ಕಾರು ಯಾಕೆ ನಿಂತಿತ್ತು ಎಂದರೆ ಮಾವ ಮಲಗಿದ್ದರು. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತರಾದ ಗಟ್ಟಿಮುಟ್ಟಾದ ಮನುಷ್ಯ. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ಷು ಕೈಜಾರಿ ಬಿತ್ತು, ಎತ್ತಿಕೊಳ್ಳಲು ಬಗ್ಗಿದವರು ಹಾಗೇ ನೆಲಕ್ಕೆ ಕುಸಿದರು. ಲಕ್ವ ಎಂದರು ಡಾಕ್ಟರು. ಆಸ್ಪತ್ರೆ, ಮಾತ್ರೆ, ರಬ್ಬರ್ ಚೆಂಡು ಹಿಸುಕುವ ವ್ಯಾಯಾಮ ಎಲ್ಲ ಆಗಿ ಈಗ ನಡಿಗೆ ನೆಟ್ಟಗಾಗಿತ್ತು, ಮಾತು ಸ್ಪಷ್ಟವಾಗಿತ್ತು. ಬಲಗೈ ಮಾತ್ರ ಇನ್ನೂ ಹಿಡಿದದ್ದನ್ನು ಅರ್ಧಕ್ಕೇ ಬಿಟ್ಟುಬಿಡುತ್ತಿತ್ತು. "ತಲೆ ಸರಿಯಾಗಿದೆ. ಕೈಗೆ ಸ್ವಲ್ಪ ಟೈಮ್ ಕೊಡಿ. ಹತ್ತಿರದಲ್ಲೇ ಆದರೆ ಗಾಡಿ ಓಡಿಸಿ, ತೊಂದರೆಯಿಲ್ಲ" ಎಂದಿದ್ದರು ಡಾಕ್ಟರು. ಆ ಮಾತಿನಲ್ಲಿ ಮಾವ ಮೊದಲನೆಯ ತುಂಡನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಹಾಲಿನವನಿಗೂ ಹೇಳಿದರು, ಎದುರುಮನೆಯವರಿಗೂ ಹೇಳಿದರು, ಯಾರೂ ಕೇಳದಿದ್ದಾಗ ತಮಗೆ ತಾವೇ ಹೇಳಿಕೊಂಡರು: "ತಲೆ ಸರಿಯಾಗಿದೆ."

ಯಾಕೆಂದು ಮನೆಯವರಿಗೆಲ್ಲ ಗೊತ್ತಿತ್ತು. ಮಾವನ ಅಣ್ಣ ಕೊನೆಗಾಲದಲ್ಲಿ ಮರೆವಿಗೆ ಸಿಕ್ಕಿಬಿದ್ದಿದ್ದರು. ಒಲೆ ಹಚ್ಚಿ ಮರೆತರು, ಬಾಗಿಲು ತೆರೆದಿಟ್ಟು ಬೀದಿಗೆ ಹೋದರು, ಕಡೆಗೆ ಒಂದು ದಿನ ಎದುರಿಗೆ ಕೂತಿದ್ದ ಸ್ವಂತ ತಮ್ಮನನ್ನೇ "ತಾವು ಯಾರ ಕಡೆಯವರು?" ಎಂದು ಮರ್ಯಾದೆಯಿಂದ ವಿಚಾರಿಸಿದರು. ಅವತ್ತಿನಿಂದ ಮಾವನಿಗೆ ಸಾವಿನ ಹೆದರಿಕೆಗಿಂತ ಇದರದ್ದೇ ಹೆಚ್ಚು. ಈಗಲೂ ಸ್ನಾನಕ್ಕೆ ಹೋದಾಗ ತಮ್ಮ ಹಳೆಯ ಬಸ್ಸಿನ ನಿಲ್ದಾಣಗಳನ್ನು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಎಲ್ಲಿಯಾದರೂ ತಡವರಿಸಿದರೆ ಬಿಸಿನೀರು ಆರಿದರೂ ಆಚೆ ಬರುತ್ತಿರಲಿಲ್ಲ.

ಇಂಥವರು ಭಾನುವಾರ ನಟ್ಟಿನ ಮುಂದೆ ಸೋತು ಕೂತಿದ್ದರು. ಮಗ ಬಂದು ಬಾಗಿಲಲ್ಲಿ ನಿಂತ. ಅವನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು, ತಂದೆಯ ಕಸುಬಿನ ಒಂದು ಹನಿ ಗ್ರೀಸೂ ಅಂಗೈಗೆ ತಾಗದ ಹಾಗೆ ಬೆಳೆದವನು.

"ಅಪ್ಪ, ಗ್ಯಾರೇಜಿಗೆ ಬಿಟ್ಟುಬಿಡೋಣ. ಯಾಕೆ ಸುಮ್ನೆ ಒದ್ದಾಡ್ತೀರಾ?"

"ನೀನು ಹೋಗಿ ಮಾತ್ರೆ ಕೊಡಪ್ಪ. ನನ್ನ ಗಾಡಿಗೆ ಬೇರೆಯೋರು ಸ್ಪ್ಯಾನರ್ ಹಾಕಿದ್ದಕ್ಕೇ ಈ ಗತಿ ಬಂದಿರೋದು."

ಒಳಗಿನಿಂದ ಅತ್ತೆಯ ದನಿ ಬಂತು. ಆ ಕಾರನ್ನು ಅವರು ಕಾರು ಎಂದು ಕರೆದದ್ದೇ ಇಲ್ಲ, ಸವತಿ ಎಂದೇ ಕರೆಯುತ್ತಿದ್ದರು. "ಸವತಿ ಕಾಲು ಒತ್ತಿದ್ದು ಸಾಕು, ಊಟಕ್ಕೆ ಏಳಿ! ಅದ್ರಲ್ಲಿ ಅರ್ಧ ಉಪಚಾರ ನನಗೆ ಮಾಡಿದ್ರೆ ನನ್ನ ಮಂಡಿ ನೋವಾದ್ರೂ ಹೋಗ್ತಿತ್ತು."

ಸೊಸೆ ನಗು ತಡೆದುಕೊಂಡು ನೀರಿನ ಚೊಂಬು ಹಿಡಿದು ಹೊರಗೆ ಬಂದಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಈ ಮೂವರ ಜಗಳಕ್ಕೆ ಅವಳು ಒಳ್ಳೆಯ ಪ್ರೇಕ್ಷಕಿ. ಮಾವನೆಂದರೆ ಅವಳಿಗೆ ಪ್ರಾಣ. ತವರಿನ ಅಪ್ಪ ನಲ್ಲಿ ರಿಪೇರಿ ಮಾಡುವವನಾಗಿದ್ದ, ಅವಳ ಮದುವೆಗೆ ಮೊದಲೇ ತೀರಿಕೊಂಡಿದ್ದ. ಮಾವನ ಅಂಗಿಯ ಎಣ್ಣೆ ವಾಸನೆ, ಸಿಟ್ಟು ಬಂದಾಗ ಕಬ್ಬಿಣದ ಜೊತೆ ಮಾತಾಡುವ ಚಟ, ಎಲ್ಲವೂ ಆ ಅಪ್ಪನದ್ದೇ. ಅವಳು ಮೆಲ್ಲಗೆ ಕೇಳಿದಳು.

"ಮಾವ, ಸ್ಪ್ಯಾನರಿಗೆ ಒಂದು ಉದ್ದದ ಪೈಪು ಸಿಕ್ಕಿಸಿ ನೋಡೋಣ್ವಾ? ನಮ್ಮಪ್ಪ ಹಂಗೇ ಮಾಡ್ತಿದ್ರು."

"ಪೈಪು ಹಾಕಿ ಯಾರು ಬೇಕಾದ್ರೂ ಬಿಚ್ತಾರಮ್ಮ. ಅದು ಪೈಪು ಬಿಚ್ಚಿದ್ದು, ನಾನಲ್ಲ."

ಮಾವ ಎದ್ದು ಹಿತ್ತಲಿಗೆ ಹೋದರು. ಚೊಂಬು ಅವಳ ಕೈಯಲ್ಲೇ ಉಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಊಟಕ್ಕೆ ಕರೆಯಲು ಹೋದವಳು ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟಳು. ನಲ್ಲಿಯ ಕೆಳಗೆ ಕೂತ ಮಾವ ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಮಗುವಿನ ಕೈ ತೊಳೆಯುವ ಹಾಗೆ ಬೆರಳು ಬೆರಳು ಉಜ್ಜುತ್ತ, "ಏನಾಯ್ತೋ ನಿಂಗೆ? ಇಷ್ಟು ದಿನ ಒಂದು ಮಾತು ತೆಗೆದುಹಾಕಿರಲಿಲ್ಲ ನೀನು" ಎನ್ನುತ್ತಿದ್ದರು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅವರು ಒರೆಸಿಕೊಳ್ಳಲೂ ಇಲ್ಲ. ಅವಳು ಸದ್ದು ಮಾಡದೆ ವಾಪಸು ಬಂದು, "ಮಾವ ಆಮೇಲೆ ಊಟ ಮಾಡ್ತಾರಂತೆ" ಎಂದು ಅತ್ತೆಗೆ ಸುಳ್ಳು ಹೇಳಿದಳು. ಸೋಮವಾರವೂ ಮಾವ ಶೆಡ್ಡಿನ ಕಡೆ ತಲೆ ಹಾಕಲಿಲ್ಲ, ಯಾರ ಜೊತೆಗೂ ಜಗಳವಾಡಲಿಲ್ಲ. ಮಾವ ಜಗಳವಾಡದ ಮನೆ ಮನೆಯಾಗಿರಲಿಲ್ಲ.

ಮಂಗಳವಾರ ಅವಳಿಗೆ ರಜೆ. ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಭಾನುವಾರ ಮಧ್ಯಾಹ್ನದ ಮೇಲಷ್ಟೇ ಕೆಲಸ, ವಾರದ ಪೂರ್ತಿ ರಜೆ ಅವತ್ತು. ಗಂಡ ಅಂಗಡಿಗೆ ಹೋದ, ಮಾವ ವಾಕಿಂಗ್ ಹೋದರು, ಅತ್ತೆ ತಂಗಿಗೆ ಫೋನು ಹಚ್ಚಿದರು. ಅಕ್ಕತಂಗಿಯರ ಫೋನು ಶುರುವಾಯಿತೆಂದರೆ ಶೆಡ್ಡಿನಲ್ಲಿ ಆನೆ ಬಂದು ಕೂತರೂ ಅತ್ತೆಗೆ ತಿಳಿಯುವುದಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಶೆಡ್ಡಿಗೆ ಇಳಿದಳು.

ತುಕ್ಕು ಹಿಡಿದ ನಲ್ಲಿಯ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ಅಪ್ಪ ಅವಳಿಗೆ ಚಿಕ್ಕಂದಿನಲ್ಲೇ ತೋರಿಸಿದ್ದ. ಮೈಮೇಲೆ ಬೀಳಬಾರದು, ಪುಸಲಾಯಿಸಬೇಕು. ಮೊದಲು ತಂತಿ ಬ್ರಷ್ಷಿನಿಂದ ಬೋಲ್ಟಿನ ತುದಿಯ ತುಕ್ಕು ಉಜ್ಜಿದಳು. ತುಕ್ಕು ಬಿಡಿಸುವ ಎಣ್ಣೆಯನ್ನು ನಟ್ಟಿನ ಬುಡಕ್ಕೆ ಹನಿಹನಿಯಾಗಿ ಬಿಟ್ಟು, ಒಳಗೆ ಇಳಿಯಲಿ ಎಂದು ಅಂಗಳ ಗುಡಿಸಿ ಬಂದಳು. ಸುತ್ತಿಗೆಯಿಂದ ನಟ್ಟಿನ ತಲೆಗೆ ಟಣ್ ಟಣ್ ಎಂದು ಮೆಲ್ಲಗೆ ಬಡಿದಳು, ಮತ್ತೆ ಎಣ್ಣೆ ಬಿಟ್ಟಳು. ಆಮೇಲೆ ಡಿಕ್ಕಿಯಿಂದ ಸ್ಪ್ಯಾನರ್ ತೆಗೆದು, ಅದರ ಹಿಡಿಗೆ ಹಳೆಯ ಕೈಪಂಪಿನ ಉದ್ದದ ಪೈಪು ತೊಡಿಸಿದಳು. ಬಿಚ್ಚುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ಒತ್ತಿದಳು. ಕಚ್ಚಿಕೊಂಡಿದ್ದು ಒಮ್ಮೆ ಬೆಚ್ಚಿಬೀಳಬೇಕು, ಆಮೇಲೆ ಬಿಡುತ್ತದೆ ಎನ್ನುತ್ತಿದ್ದ ಅಪ್ಪ. ಈಗ ಬಿಚ್ಚುವ ಕಡೆಗೆ ಪೈಪಿನ ತುದಿಗೆ ಮೈಭಾರವನ್ನೆಲ್ಲ ಬಿಟ್ಟು ಕೆಳಕ್ಕೆ ಒತ್ತಿದಳು.

ಕಟಕ್!

ಜೀವ ಬಾಯಿಗೆ ಬಂತು. ಬೋಲ್ಟೇ ಮುರಿಯಿತೇನೋ ಎಂದು ಬಗ್ಗಿ ನೋಡಿದಳು. ಮುರಿದಿರಲಿಲ್ಲ. ನಟ್ಟು ಸೋತು ಒಂದಿಷ್ಟು ತಿರುಗಿ ನಿಂತಿತ್ತು. ಉಳಿದ ಮೂರೂ ಇದೇ ದಾರಿಗೆ ಬಂದವು. ಕಡೆಯದು ಮಾತ್ರ ಅವಳ ಅಂಗೈಯ ಚರ್ಮ ಸುಲಿದೇ ಸಡಿಲವಾಯಿತು.

ಈಗ ಅವಳ ಉಪಾಯದ ಮುಖ್ಯ ಭಾಗ. ನಾಲ್ಕನ್ನೂ ಬೆರಳಿನಿಂದ ವಾಪಸು ತಿರುಗಿಸಿ, ಸ್ಪ್ಯಾನರಿನಿಂದ ಒಂದೇ ಒಂದು ಸಣ್ಣ ಒತ್ತು ಕೊಟ್ಟಳು. ಮಾವನ ಬಲಗೈ ಎಳೆದರೆ ಬರಬೇಕು, ಆದರೆ ತೀರಾ ಸಲೀಸಾಗಿ ಬಂದು ಅನುಮಾನ ಹುಟ್ಟಬಾರದು. ಎಣ್ಣೆ ಒರೆಸಿದಳು, ತುಕ್ಕಿನ ಪುಡಿ ಗುಡಿಸಿದಳು, ಸ್ಪ್ಯಾನರನ್ನು ಡಿಕ್ಕಿಗೆ ಹಾಕಿ ಪೈಪನ್ನು ಮೂಲೆಗೆ ತಳ್ಳಿದಳು. ಸಂಜೆ ಕಾಫಿ ಕೊಡುವಾಗ "ಮಾವ, ಇನ್ನೊಂದ್ಸಲ ನೋಡಿ" ಎನ್ನುವುದು. ಅವರು ಬೈದುಕೊಂಡೇ ಕೂರುವುದು, ನಟ್ಟು ಬಿಚ್ಚಿಕೊಳ್ಳುವುದು, "ನೋಡೇ ಇಲ್ಲಿ!" ಎಂದು ಅತ್ತೆಯನ್ನು ಕೂಗುವುದು. ಇದನ್ನೆಲ್ಲ ಕಣ್ಣಮುಂದೆ ತಂದುಕೊಂಡು, ಒಬ್ಬಳೇ ನಗುತ್ತ, ಬಚ್ಚಲಿಗೆ ಹೋಗಿ ಸೋಪಿನ ಪುಡಿ ಹಾಕಿ ಕೈಯುಜ್ಜತೊಡಗಿದಳು. ಪ್ರೀತಿ ಹೆಚ್ಚಾದಾಗ ಬುದ್ಧಿ ಸ್ವಲ್ಪ ರಜೆ ಹಾಕುತ್ತದೆ. ಸಂಜೆಯವರೆಗೆ ಕಾರು ನಿಂತಲ್ಲೇ ನಿಂತಿರುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರು?

ಗ್ರೀಸು ಇನ್ನೂ ಉಗುರಿನ ಸಂದಿಯಲ್ಲೇ ಇತ್ತು. ಹೊರಗೆ ಎಂಜಿನ್ ಗುರುಗುಟ್ಟಿದ್ದು ಕೇಳಿಸಿತು.

ಒಂದು ಕ್ಷಣ ಅದು ಯಾರದೋ ಕಾರು ಎಂದುಕೊಂಡಳು. ಮರುಕ್ಷಣ ಎದೆ ಧಸಕ್ಕೆಂದಿತು. ನೊರೆಗೈಯಲ್ಲೇ ಅಂಗಳಕ್ಕೆ ಓಡಿದರೆ ಶೆಡ್ಡು ಖಾಲಿ, ಗೋಣಿಚೀಲವೊಂದೇ ಬಿದ್ದಿದೆ. ಕಾರಿನ ಹಿಂಭಾಗ ಬೀದಿಯ ತಿರುವಿನಲ್ಲಿ ಮರೆಯಾಗುತ್ತಿತ್ತು.

"ಅತ್ತೆ! ಮಾವ ಎಲ್ಲಿಗೆ ಹೊರಟ್ರು?"

ಅತ್ತೆ ಫೋನಿಗೆ ಕೈ ಅಡ್ಡ ಹಿಡಿದು ಸಂಭ್ರಮದಿಂದ ಹೇಳಿದರು: "ಗ್ಯಾರೇಜಿಗೆ ಕಣೇ! ವಾಕಿಂಗಿಂದ ಬಂದೋರೇ, 'ನನ್ ಕೈಲಿ ಆಗಲ್ಲ, ನೀವೆಲ್ಲ ಹೇಳಿದ್ದೇ ಸರಿ' ಅಂದ್ರು. ಮದುವೆಯಾದಾಗಿಂದ ಇದೇ ಮೊದಲು ನನ್ನ ಮಾತು ಸರಿ ಅಂದಿದ್ದು!"

ಅವಳು ಮಾವನ ಫೋನಿಗೆ ಕರೆ ಮಾಡಿದಳು. ಅದು ಪಕ್ಕದ ಕೋಣೆಯ ದಿಂಬಿನ ಕೆಳಗೆ ರಿಂಗಾಯಿತು. ಗ್ಯಾರೇಜಿಗೆ ಹೋಗಬೇಕೆಂದರೆ ಹಿಟ್ಟಿನ ಗಿರಣಿ ದಾಟಿದ ಮೇಲೆ ಉದ್ದದ ಇಳಿಜಾರು, ಇಳಿಜಾರಿನ ಬುಡದಲ್ಲಿ ಲಾರಿ ಬಸ್ಸು ಓಡಾಡುವ ದೊಡ್ಡ ರಸ್ತೆ. ಅಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಕಳಚಿದರೆ? ಮುಂದಕ್ಕೆ ಯೋಚಿಸಲು ಅವಳಿಂದಾಗಲಿಲ್ಲ. ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಒಂದು ಅವಳದು, ಇನ್ನೊಂದು ಅತ್ತೆಯದು. ಬೀದಿಯವರು ತಿರುಗಿ ನೋಡಿದರು. ಯಾರೋ "ಏನಾಯ್ತಮ್ಮ?" ಎಂದರು. ಅವಳು ಓಡುತ್ತಲೇ ಇದ್ದಳು. ನಾನೇ, ನನ್ನ ಕೈಯಾರೆ, ಎಂದು ಮಾತ್ರ ಅವಳ ತಲೆಯಲ್ಲಿ ಬಡಿದುಕೊಳ್ಳುತ್ತಿತ್ತು. ಸೋಪಿನ ನೊರೆ ಮೊಣಕೈಯವರೆಗೂ ಇಳಿದು ಒಣಗಿತು.

ಗಿರಣಿಯ ಮುಂದೆ, ಇಳಿಜಾರು ಶುರುವಾಗುವುದಕ್ಕೆ ಕೊಂಚ ಹಿಂದೆ, ಕಾರು ರಸ್ತೆಯ ಪಕ್ಕಕ್ಕೆ ನಿಂತಿತ್ತು. ನಾಲ್ಕೂ ಚಕ್ರಗಳು ಇದ್ದವು. ಮಾವ ಎಡ ಚಕ್ರದ ಮುಂದೆ ಕಾಲುದಾರಿಯ ಅಂಚಿನಲ್ಲಿ ಕೂತಿದ್ದರು. ಅವಳು ಉಸಿರು ಬಿಟ್ಟಳು. ಗಿರಣಿಯ ಗೋಡೆ ಹಿಡಿದು ನಿಂತಳು. ಡ್ರೈವರನ ಕಿವಿ ಡ್ರೈವರನದ್ದೇ. ಚಕ್ರ ಟಕ ಟಕ ಎಂದು ಸದ್ದು ಮಾಡಿದ್ದನ್ನು ಕೇಳಿ ತಕ್ಷಣ ನಿಲ್ಲಿಸಿದ್ದರು.

ಆದರೆ ಹತ್ತಿರ ಹೋಗಿ ಮುಖ ನೋಡಿದಾಗ ಅವಳಿಗೆ ಹೊಸ ಹೆದರಿಕೆ ಹತ್ತಿತು. ಮಾವನ ಮುಖದಲ್ಲಿ ರಕ್ತವೇ ಇರಲಿಲ್ಲ. ಎಡಗೈ ಬೆರಳಿನಿಂದ ಒಂದು ನಟ್ಟನ್ನು ತಿರುಗಿಸುತ್ತಿದ್ದರು, ಅದು ತಿರುಗುತ್ತಿತ್ತು. ಇನ್ನೊಂದನ್ನು ತಿರುಗಿಸಿದರು, ಅದೂ ತಿರುಗಿತು. ಮತ್ತೆ ಮೊದಲನೆಯದಕ್ಕೆ ಬಂದರು. ಅವಳು ಯಾಕೆ ಬಂದಳು, ಹೇಗೆ ಬಂದಳು ಎಂದೂ ಕೇಳಲಿಲ್ಲ.

"ಬಿಚ್ಚಿದೀನಮ್ಮ" ಎಂದರು. "ನಾಲ್ಕೂ ಬಿಚ್ಚಿದೀನಿ."

"ಮಾವ..."

"ಭಾನುವಾರ ಒಂದೂ ಅಲ್ಲಾಡಲಿಲ್ಲ ಅಂತ ನನ್ನ ನೆನಪು. ಒಂದೂ ಅಲ್ಲಾಡಲಿಲ್ಲ. ಆದ್ರೆ ನೋಡು, ಬಿಚ್ಚಿದೆ. ನಾನಲ್ದೆ ಇನ್ಯಾರು ಬಿಚ್ತಾರೆ? ಬಿಚ್ಚಿ, ಬಿಗಿ ಮಾಡ್ದೆ, ಮರೆತು, ಗಾಡಿ ಎತ್ಕೊಂಡು ಬಂದಿದೀನಿ." ಮತ್ತೆ ಅದೇ ನಟ್ಟನ್ನು ತಿರುಗಿಸಿದರು. "ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು."

ಮಾವ ಜೇಬಿನಿಂದ ಕಾರಿನ ಕೀ ತೆಗೆದು ಅವಳ ಕಡೆ ಚಾಚಿದರು. "ತಗೋ. ಇನ್ಮೇಲೆ ನನ್ನ ಕೈಗೆ ಕೊಡ್ಬೇಡಿ. ಮನೇಲಿ ಈಗಲೇ ಹೇಳ್ಬೇಡ, ನಾನೇ ನಿಧಾನಕ್ಕೆ ಹೇಳ್ತೀನಿ. ಒಲೆ ಹತ್ರ ನನ್ನ ಒಬ್ಬನ್ನೇ ಬಿಡಬೇಡಿ, ಅಷ್ಟೇ."

ಅವಳು ಕೀ ತೆಗೆದುಕೊಳ್ಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಗುಟ್ಟು ಅವಳಲ್ಲೇ ಉಳಿಯುತ್ತಿತ್ತು, ಮಾವ ಮಾತ್ರ ತಲೆ ಕೆಟ್ಟಿತೆಂದುಕೊಂಡೇ ಬದುಕಬೇಕಾಗುತ್ತಿತ್ತು. ಬಾಯಿ ಬಿಟ್ಟರೆ, ಗಂಡಸಾದ ನಿಮ್ಮಿಂದ ಆಗದ ಕೆಲಸವನ್ನು ನಾನು ಮಾಡಿದೆ, ಕನಿಕರದಿಂದ ಮಾಡಿದೆ, ಹಿತ್ತಲಲ್ಲಿ ನೀವು ಅತ್ತದ್ದನ್ನು ನೋಡಿದೆ ಎಂದು ಅವರ ಮುಖಕ್ಕೇ ಹೇಳಿದಂತೆ. ಯಾವ ಮಾವ ಸೊಸೆಯ ಬಾಯಿಂದ ಇದನ್ನು ಕೇಳಲು ಇಷ್ಟಪಡುತ್ತಾರೆ? ಆದರೂ ಅವಳು ತಡಮಾಡಲಿಲ್ಲ. ಅವರ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತು, ಎರಡೂ ಅಂಗೈಗಳನ್ನು ಅವರ ಮುಂದೆ ಚಾಚಿದಳು. ಉಗುರಿನ ಸಂದಿಯಲ್ಲಿ ಗ್ರೀಸು, ಬಲ ಅಂಗೈಯಲ್ಲಿ ಸುಲಿದ ಚರ್ಮ.

"ನೀವಲ್ಲ ಮಾವ. ನಾನು. ಬೆಳಿಗ್ಗೆ ನೀವು ವಾಕಿಂಗ್ ಹೋದಾಗ ನಾನು ಬಿಚ್ಚಿದ್ದು."

ಮಾವ ಅಂಗೈ ನೋಡಿದರು. ಅರ್ಥವಾಗಲಿಲ್ಲ.

"ಸಂಜೆ ನೀವು ಎಳೆದಾಗ ಬರಲಿ ಅಂತ ಸಡಿಲ ಮಾಡಿ ಇಟ್ಟಿದ್ದೆ. ನೀವೇ ಬಿಚ್ಚಿದ ಹಾಗೆ ಆಗಲಿ ಅಂತ. ನೀವು ಗಾಡಿ ತೆಗೀತೀರಾ ಅಂತ ನನಗೆ ಹೊಳೀಲೇ ಇಲ್ಲ. ತಪ್ಪಾಯ್ತು ಮಾವ. ನಿಮಗೇನಾದ್ರೂ ಆಗಿದ್ರೆ..." ಮುಂದಿನದನ್ನು ಅಳು ನುಂಗಿತು.

ಮಾವ ಅವಳ ಬಲ ಅಂಗೈಯನ್ನು ಹತ್ತಿರಕ್ಕೆ ಎಳೆದು ಮತ್ತೊಮ್ಮೆ ನೋಡಿದರು. ಗಿರಣಿಯೊಳಗೆ ಯಂತ್ರ ಗಡಗಡ ಎನ್ನುತ್ತಿತ್ತು. ಆಮೇಲೆ, ಠಾಣೆಯಲ್ಲಿ ವಿಚಾರಣೆ ಮಾಡುವ ಹಾಗೆ, ಒಂದೊಂದಾಗಿ ಕೇಳಿದರು.

"ಎಣ್ಣೆ ಬಿಟ್ಯಾ?"

"ಬಿಟ್ಟೆ."

"ಬಡಿದ್ಯಾ?"

"ಬಡಿದೆ. ಮೊದಲು ಒಂಚೂರು ಬಿಗಿ ಮಾಡಿ, ಆಮೇಲೆ ಬಿಚ್ಚಿದೆ."

"ಪೈಪು ಹಾಕಿದ್ಯಾ?"

ಅವಳು ತಲೆ ತಗ್ಗಿಸಿದಳು. "ಹಾಕಿದೆ. ಕೈಪಂಪಿನ ಪೈಪು."

"ಹಾಗಾದ್ರೆ ನಾನು ಬಿಚ್ಚಿಲ್ಲ."

"ಇಲ್ಲ ಮಾವ."

"ಭಾನುವಾರ ಒಂದೂ ಅಲ್ಲಾಡಲಿಲ್ಲ. ನನ್ನ ನೆನಪು ಸರಿ."

"ಸರಿ ಮಾವ. ಒಂದೂ ಅಲ್ಲಾಡಲಿಲ್ಲ."

ಮಾವನ ಮುಖ ಸೊಟ್ಟಗಾಯಿತು. ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಹಗಲು ಹೊತ್ತಿನಲ್ಲಿ, ರಸ್ತೆಯ ಪಕ್ಕದಲ್ಲಿ, ಗಿರಣಿಗೆ ಬಂದವರೆಲ್ಲ ನೋಡುತ್ತಿರುವಾಗಲೇ ಬಿಕ್ಕಿ ಬಿಕ್ಕಿ ಅತ್ತರು. ಅದು ದುಃಖದ ಅಳುವಲ್ಲ ಎಂದು ಅವಳಿಗೆ ಗೊತ್ತಾಯಿತು. ಅವಳೂ ಜೊತೆಗೆ ಅತ್ತಳು. ಹಿಟ್ಟಿನ ಚೀಲ ಹೊತ್ತ ಒಬ್ಬಾಕೆ ನಿಂತು ನೋಡಿ, ಅಪ್ಪ ಮಗಳ ನಡುವೆ ತನಗೇಕೆ ಎಂದು ಮುಂದೆ ಹೋದಳು.

ಅತ್ತು ಮುಗಿದ ಮೇಲೆ ಬೈಗುಳ ಶುರುವಾಯಿತು. ಭಾನುವಾರದಿಂದ ತಡೆದಿಟ್ಟಿದ್ದೆಲ್ಲ ಒಟ್ಟಿಗೆ ಬಂತು. "ಅಲ್ಲಮ್ಮ, ಚಕ್ರದ ನಟ್ಟು ಸಡಿಲ ಮಾಡಿ ಬಾಯ್ಮುಚ್ಕೊಂಡು ಒಳಗೆ ಹೋಗ್ತಾರಾ? ನಮ್ಮ ಡಿಪೋದಲ್ಲಿ ಹಿಂಗೆ ಮಾಡಿದ್ರೆ ಮನೆಗೆ ಕಳಿಸ್ತಿದ್ರು! ನಟ್ಟು ಬಿಚ್ಚಿದೋರು ಮೊದಲು ಸ್ಟೀರಿಂಗಿಗೆ ಒಂದು ಬಟ್ಟೆ ಕಟ್ಬೇಕು. ಬಟ್ಟೆ ನೋಡಿದ್ರೆ ಯಾವನೂ ಗಾಡಿ ಮುಟ್ಟಲ್ಲ. ದಿನಾ ಊರಿಗೆಲ್ಲ ಆಗೋಷ್ಟು ಪರದೆ ಹೊಲೀತೀಯಾ, ಒಂದು ಚೂರು ಬಟ್ಟೆ ಸಿಗ್ಲಿಲ್ವಾ ನಿಂಗೆ?"

"ತಪ್ಪಾಯ್ತು ಮಾವ."

"ತಪ್ಪೇ! ದೊಡ್ಡ ತಪ್ಪು!" ಎಂದರು ಮಾವ, ಮುಖದ ತುಂಬ ನಗು ಹರಡಿಕೊಂಡು. "ಹೋಗು, ಡಿಕ್ಕಿಯಿಂದ ಸ್ಪ್ಯಾನರ್ ತಗೊಂಬಾ."

ಅವಳು ತಂದಳು. ಮಾವ ಅದನ್ನು ನಟ್ಟಿಗೆ ಕೂರಿಸಿ, ಹಿಡಿಯ ಮೇಲೆ ತಮ್ಮ ಬಲಗೈ ಇಟ್ಟರು. ಅದು ಜಾರುವ ಮೊದಲೇ, "ನಿನ್ನ ಕೈ ಇದರ ಮೇಲಿಡು" ಎಂದರು. ಇಬ್ಬರೂ ಸೇರಿ ಎದುರುಬದುರಿನ ನಟ್ಟುಗಳನ್ನು ಒಂದಾದ ಮೇಲೊಂದು ಬಿಗಿದರು. "ಸಾಕು, ಇನ್ನೂ ಬಿಗಿದ್ರೆ ನಾಳೆ ಬಿಚ್ಚೋರಿಗೆ ಕಷ್ಟ" ಎಂದರು ಮಾವ.

"ಗ್ಯಾರೇಜಿಗಾ ಮಾವ, ಮನೆಗಾ?"

"ಗ್ಯಾರೇಜಿಗೆ ಯಾಕೆ? ಬಿಚ್ಚೋಕೆ ಮನೇಲೇ ಜನ ಇದಾರಲ್ಲ."

ಕೀ ಹಾಕಿ ಮಾವನೇ ಕಾರು ತಿರುಗಿಸಿದರು. ಅವಳು ಪಕ್ಕದ ಸೀಟಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ ಚಕ್ರದ ಸದ್ದಿಗೆ ಕಿವಿಗೊಟ್ಟಿದ್ದಳು. ಸೈಕಲ್ಲಿನವರೂ ಅವರನ್ನು ಹಿಂದೆ ಹಾಕಿ ಹೋದರು. ಸ್ವಲ್ಪ ದೂರ ಬಂದ ಮೇಲೆ ಮಾವ ರಸ್ತೆಯ ಮೇಲೇ ಕಣ್ಣಿಟ್ಟು ಕೇಳಿದರು.

"ಯಾರಮ್ಮ ಬಿಚ್ಚಿದ್ದು?"

"ನಾನು ಮಾವ. ನಾಲ್ಕೂ ನಾನೇ."

ಮಾವ ತಲೆಯಾಡಿಸಿದರು. ಮನೆಯ ಬೀದಿಗೆ ತಿರುಗುವಾಗ ಮತ್ತೆ ಕೇಳಿದರು. "ಯಾರು ಬಿಚ್ಚಿದ್ದು ಅಂದೆ?"

ಅವಳು ಗಾಬರಿಯಿಂದ ಅವರ ಮುಖ ನೋಡಿದಳು. ಆ ನೋಟ ಮಾವನಿಗೆ ತಿಳಿಯಿತು.

"ಮರೆತು ಕೇಳ್ತಿಲ್ಲಮ್ಮ" ಎಂದರು. "ಕೇಳೋಕೆ ಹಿತವಾಗಿದೆ, ಅದಕ್ಕೆ. ಇನ್ನೊಂದ್ಸಲ ಹೇಳು."